ಬಣ್ಣ ನೀರಿನದು, ಹುಳುಕು ನೀರಿನದಲ್ಲ

ಸಂಪಾದಕರಿಗೆ ನಮಸ್ಕಾರ,

ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದು ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದಿತ್ತು. ಮಾತು ಸರಿಯೇ. ಆದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಕಡೆ ನೋವಿಲ್ಲದೆ ಹಲ್ಲು ತೋರಿಸಲು ಹೋಗುವವರು ಎಷ್ಟು ಜನ ಇದ್ದಾರೆ ಹೇಳಿ? ಕೂಲಿ ಬಿಟ್ಟು, ಬಸ್ ಹಿಡಿದು, ಚೆನ್ನಾಗಿರೋ ಬಾಯನ್ನು ಡಾಕ್ಟರ ಮುಂದೆ ತೆರೆಯೋದಾ ಅಂತ ನಗುತ್ತಾರೆ. ಹಾಗಾಗಿ ಆ ಲೇಖನ ಬಿಟ್ಟ ಒಂದು ವಿಷಯವನ್ನು ಬರೆಯುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗುವ ಮುಂಚೆ, ನಮ್ಮ ಬಾಯನ್ನು ನಾವೇ ತಿಂಗಳಿಗೊಂದು ಸಲ ಸರಿಯಾಗಿ ನೋಡಿಕೊಳ್ಳುವುದು ಹೇಗೆ ಅನ್ನುವುದು.

ನಾನು ಮೆಡಿಕಲ್ ಸ್ಟೋರ್ ಇಟ್ಟುಕೊಂಡವನು, ಡಾಕ್ಟರ್ ಅಲ್ಲ. ಆದರೆ ಹಲ್ಲುನೋವಿನವರು ಮೊದಲು ಬರುವುದು ನಮ್ಮ ಹತ್ತಿರವೇ. ಕೆನ್ನೆ ಮೇಲೆ ಕೈ ಇಟ್ಟುಕೊಂಡು ಬರುತ್ತಾರೆ, ಬಾಯಿ ತೆರೆಯುವುದಿಲ್ಲ, "ಅಣ್ಣಾ, ಹಲ್ಲುನೋವಿಗೆ ಒಂದು ಮಾತ್ರೆ ಕೊಡಣ್ಣ" ಅನ್ನುತ್ತಾರೆ. ಯಾವ ಹಲ್ಲು, ಎಷ್ಟು ದಿನದಿಂದ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಏನ್ ಮಾಡೋದಣ್ಣ, ನಮ್ಮೂರ ನೀರೇ ಅಂಗೈತೆ." ಈ ಮಾತೇ ನನಗೆ ಸಿಟ್ಟು ಬರಿಸುವುದು. ನೀರಿನ ತೊಂದರೆ ನಿಜ. ಆದರೆ ಹಲ್ಲಿಗೆ ಏನೇ ಆದರೂ ನೀರಿನ ಮೇಲೆ ಹಾಕಿ ಸುಮ್ಮನಾಗಿಬಿಡುವುದರಿಂದ, ಸಲೀಸಾಗಿ ಉಳಿಸಿಕೊಳ್ಳಬಹುದಾಗಿದ್ದ ಹಲ್ಲುಗಳೂ ಹೋಗುತ್ತಿವೆ.

ಮೊದಲು ನೀರಿನ ಲೆಕ್ಕ ಮುಗಿಸೋಣ. ನಮ್ಮ ಬೋರ್‌ವೆಲ್‌ಗಳು ಆಳಕ್ಕೆ ಹೋದಂತೆಲ್ಲಾ ಕಲ್ಲಿನ ಒಳಗಿನ ಫ್ಲೋರೈಡ್ ಅನ್ನುವ ಲವಣ ನೀರಿನಲ್ಲಿ ಕರಗಿ ಬರುತ್ತದೆ. ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ, ಕೋಲಾರದ ಕಡೆಯೂ ಇದೆ, ತುಮಕೂರು ಜಿಲ್ಲೆಯ ಪಾವಗಡದಲ್ಲೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಎನ್ನುವುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು, ದವಡೆಯೊಳಗೆ ಹಲ್ಲು ಬೆಳೆಯುತ್ತಿರುವ ವಯಸ್ಸಿನಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ ಕುಡಿದರೆ ಹಲ್ಲಿನ ಮೇಲಿನ ಪದರ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಹಲ್ಲು ಹುಟ್ಟುವಾಗಲೇ ಸುಣ್ಣ ಬಳಿದಂತೆ ಬಿಳಿ ಗೆರೆ, ಬಿಳಿ ಮಚ್ಚೆ ಇರುತ್ತದೆ, ಆಮೇಲೆ ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಉಜ್ಜಿದರೆ ಹೋಗುವುದಿಲ್ಲ. ದೊಡ್ಡವರಾದ ಮೇಲೆ ನೀರು ಬದಲಾಯಿಸಿದರೂ ಆ ಬಣ್ಣ ಹೋಗುವುದಿಲ್ಲ. ಹಾಗಂತ ದೊಡ್ಡವರು ಯಾವ ನೀರಾದರೂ ಕುಡಿಯಬಹುದು ಅಂತಲ್ಲ, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳಿಗೂ ತೊಂದರೆ ಇದೆ.

ಇನ್ನೊಂದು ಮಾತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ ಅಷ್ಟೇ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಊರೂರಿಗೂ ಬಂದಿದೆ, ಒಳ್ಳೆಯದು. ಆದರೆ ಕ್ಯಾನ್ ನೀರು ಕುಡಿಯಲು, ಅನ್ನ ಸಾರು ಮುದ್ದೆಗೆ ಮಾತ್ರ ಕೊಳಾಯಿಯ ಬೋರ್ ನೀರು ಅಂತ ಮಾಡುವ ಮನೆಗಳು ಬೇಕಾದಷ್ಟಿವೆ. ಅಡುಗೆಗೆ ಹಾಕಿದ ನೀರೂ ಹೊಟ್ಟೆಗೇ ಹೋಗುತ್ತದೆ ಅಲ್ವಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಡುಗೆಗೂ ಕ್ಯಾನ್ ನೀರೇ ಬಳಸಿ.

ಈಗ ಕನ್ನಡಿ ಮುಂದೆ ಬನ್ನಿ. ಫ್ಲೋರೈಡ್ ಬಣ್ಣ ಒಂದೇ ಹಲ್ಲಿಗೆ ಬರುವುದಿಲ್ಲ. ಎಡಗಡೆ ಹಲ್ಲಿಗೆ ಇದ್ದರೆ ಬಲಗಡೆಯ ಅದೇ ಹಲ್ಲಿಗೂ ಇರುತ್ತದೆ. ಜೋಡಿ ಜೋಡಿಯಾಗಿ ಬರುತ್ತದೆ. ಸಾಮಾನ್ಯವಾಗಿ ಮುಟ್ಟಿದರೆ ನುಣುಪಾಗಿ, ಗಟ್ಟಿಯಾಗಿರುತ್ತದೆ. ಹುಳುಕು ಹಾಗಲ್ಲ. ಒಂದು ಹಲ್ಲು ಹಿಡಿದರೆ ಅದೊಂದರಲ್ಲೇ, ಒಂದೇ ಜಾಗದಲ್ಲಿ ಶುರುವಾಗುತ್ತದೆ. ದವಡೆ ಹಲ್ಲಿನ ಮೇಲಿನ ಗೆರೆಗಳೊಳಗೆ, ಎರಡು ಹಲ್ಲು ತಾಗುವ ಸಂದಿಯಲ್ಲಿ, ಇಲ್ಲವೇ ವಸಡಿನ ಅಂಚಿನಲ್ಲಿ. ಬರಬರುತ್ತಾ ದೊಡ್ಡದಾಗುತ್ತದೆ, ಅಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಪದೇ ಪದೇ ಅಲ್ಲಿಗೇ ಹೋಗುತ್ತದೆ. ಫ್ಲೋರೈಡ್ ತೀರಾ ಜಾಸ್ತಿಯಾಗಿ ಹಲ್ಲಿನ ಮೇಲೆ ಸಣ್ಣ ಸಣ್ಣ ಗುಂಡಿ ಬಿದ್ದವರಿಗೆ ಎರಡೂ ಒಟ್ಟಿಗೆ ಇರಬಹುದು. ಅಂಥವರು ಬಣ್ಣ ನೋಡಿ ತೀರ್ಮಾನಕ್ಕೆ ಬರದೆ ಡಾಕ್ಟರಿಗೇ ತೋರಿಸಬೇಕು.

ಹುಳುಕು ಶುರುವಾಗುವುದು ಕಪ್ಪಾಗಿ ಅಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಬರುವುದು ಹೊಳಪಿಲ್ಲದ ಒಂದು ಬಿಳಿ ಮಚ್ಚೆ, ಹೆಚ್ಚಾಗಿ ವಸಡಿನ ಅಂಚಿನ ಉದ್ದಕ್ಕೂ. ಎಂಜಲಿನಿಂದ ಹಲ್ಲು ಒದ್ದೆ ಇದ್ದಾಗ ಅದು ಕಾಣುವುದೇ ಇಲ್ಲ. ಶುಭ್ರವಾದ ಬಟ್ಟೆಯಲ್ಲಿ ಹಲ್ಲನ್ನು ಒರೆಸಿ, ಒಣಗಿದ ಮೇಲೆ ಬೆಳಕು ಹಾಯಿಸಿ ನೋಡಿದರೆ ಕಾಣುತ್ತದೆ. ಈ ಹಂತದಲ್ಲಿ ಇನ್ನೂ ಗುಂಡಿ ಬಿದ್ದಿರುವುದಿಲ್ಲ. ಸಕ್ಕರೆ ಕಡಿಮೆ ಮಾಡಿ, ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿದರೆ ಅದು ಅಲ್ಲಿಗೇ ನಿಲ್ಲಬಹುದು, ಎಷ್ಟೋ ಸಲ ಹಲ್ಲು ಮತ್ತೆ ಗಟ್ಟಿಯಾಗುತ್ತದೆ. ಗುಂಡಿ ಬಿದ್ದ ಮೇಲೆ ಮಾತ್ರ ಯಾವ ಪೇಸ್ಟಿನಿಂದಲೂ ಅದು ಮುಚ್ಚುವುದಿಲ್ಲ, ಡಾಕ್ಟರೇ ತುಂಬಬೇಕು.

ಫ್ಲೋರೈಡ್ ಪೇಸ್ಟ್ ಅಂದ ತಕ್ಷಣ ಅಂಗಡಿಯಲ್ಲಿ ಜಗಳಕ್ಕೇ ಬರುತ್ತಾರೆ. "ನೀರಲ್ಲೇ ಇದೆ, ಪೇಸ್ಟಲ್ಲೂ ಕೊಡ್ತೀರಾ?" ಕೇಳುವುದರಲ್ಲಿ ತಪ್ಪಿಲ್ಲ. ಆದರೆ ದೊಡ್ಡವರ ಹಲ್ಲು ಬೆಳೆದು ಮುಗಿದಿದೆ, ಪೇಸ್ಟನ್ನು ಉಗಿಯುತ್ತೇವೆ, ನುಂಗುವುದಿಲ್ಲ. ಅದು ಹಲ್ಲಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಪೇಸ್ಟ್ ನುಂಗುವ ಚಿಕ್ಕ ಮಕ್ಕಳ ವಿಷಯ ಬೇರೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಆರು ವರ್ಷದವರೆಗೆ ಬಟಾಣಿಯಷ್ಟು, ಅದೂ ದೊಡ್ಡವರು ಎದುರಿಗೆ ನಿಂತು ಉಗಿಸಬೇಕು. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರಿನವರು ಮಗುವಿಗೆ ಯಾವ ಪೇಸ್ಟ್ ಅಂತ ಹಲ್ಲಿನ ಡಾಕ್ಟರನ್ನು ಒಂದು ಸಲ ಕೇಳಿಬಿಡುವುದು ಒಳ್ಳೆಯದು. ಟಿವಿ ಜಾಹೀರಾತಿನಲ್ಲಿ ಬ್ರಷ್ ತುಂಬಾ ಹಾವಿನಂತೆ ಪೇಸ್ಟ್ ಹಾಕುತ್ತಾರಲ್ಲ, ಅದು ದೊಡ್ಡವರಿಗೂ ಬೇಡ. ಟ್ಯೂಬ್ ಬೇಗ ಖಾಲಿಯಾಗಲಿ ಅಂತ ಅವರು ಹಾಗೆ ತೋರಿಸುತ್ತಾರೆ.

ಫ್ಲೋರೈಡ್ ಕಲೆ, ಹುಳುಕು ಆಯಿತು, ಮೂರನೆಯದು ಹಲ್ಲಿಗೆ ಕಟ್ಟುವ ಪಾಚಿ. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗವನ್ನು ಬೆರಳಿನ ಉಗುರಿನಿಂದ ಮುಟ್ಟಿ ನೋಡಿ. ಒರಟಾಗಿ, ಸಣ್ಣ ಕಲ್ಲು ಅಂಟಿದಂತೆ ಇದೆಯಾ? ಎಂಜಲಿನ ನಾಳ ನಾಲಿಗೆ ಕೆಳಗೆ ಅಲ್ಲೇ ತೆರೆದುಕೊಳ್ಳುವುದರಿಂದ ಅಲ್ಲಿ ಪಾಚಿ ಬೇಗ ಗಟ್ಟಿ ಕಟ್ಟುತ್ತದೆ. ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆಗೂ ಹಾಗೆಯೇ, ಅಲ್ಲೂ ಒಂದು ನಾಳ ಇದೆ. ಮೆತ್ತಗಿರುವಾಗ ಬ್ರಷ್‌ಗೆ ಹೋಗುತ್ತದೆ. ಕಲ್ಲಾದ ಮೇಲೆ ಹೋಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಅದನ್ನು ಬೂದಿ, ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕುವವರು ಈಗಲೂ ಇದ್ದಾರೆ. ಕಲ್ಲು ಹಾಗೇ ಉಳಿಯುತ್ತದೆ, ಹಲ್ಲು ಸವೆಯುತ್ತದೆ. ಒಂದೇ ಕಡೆ ಅಗಿಯುವ ಅಭ್ಯಾಸ ಇದ್ದವರು ಇನ್ನೊಂದು ಕಡೆ ನೋಡಿಕೊಳ್ಳಿ, ಅಗಿಯದ ಕಡೆ ಪಾಚಿ ಜಾಸ್ತಿ ಇರುತ್ತದೆ. ಆ ಕಡೆ ಯಾಕೆ ಅಗಿಯುತ್ತಿಲ್ಲ ಅಂತಲೂ ಯೋಚಿಸಿ. ಎಂದೋ ಒಂದು ದಿನ ನಲ್ಲಿಮೂಳೆ ಕಡಿಯುವಾಗ ಚುಳುಕ್ ಅಂದಿದ್ದಕ್ಕೆ ಗೊತ್ತಿಲ್ಲದೆ ಕಡೆ ಬದಲಾಯಿಸಿರುತ್ತೀರಿ.

ನೋಡುವ ವಿಧಾನ ಬಹಳ ಸುಲಭ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಬೆಳಕು ಚೆನ್ನಾಗಿರುವ ಕಡೆ ಕನ್ನಡಿ ಹಿಡಿದು ನಿಲ್ಲಿ. ಸ್ಟೀಲ್ ಚಮಚದ ಹಿಡಿಯಿಂದ ಕೆನ್ನೆಯನ್ನು ಪಕ್ಕಕ್ಕೆ ಎಳೆಯಿರಿ. ಅದಕ್ಕಿಂತ ಒಳ್ಳೆಯದು ಮೊಬೈಲ್. ಸೆಲ್ಫಿ ಕ್ಯಾಮೆರಾ ಅಲ್ಲ, ಹಿಂದಿನ ಕ್ಯಾಮೆರಾ, ಟಾರ್ಚ್ ಹಾಕಿ. ಮನೆಯವರು ಒಬ್ಬರು ಹಿಡಿದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ವಿಡಿಯೊ ಮಾಡಲಿ. ಅದನ್ನು ಅಳಿಸಬೇಡಿ. ಮುಂದಿನ ತಿಂಗಳು ಮತ್ತೊಂದು ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆ ಕಲೆ ಹಾಗೇ ಇದೆಯಾ, ಬೆಳೆದಿದೆಯಾ ಅನ್ನುವುದು ಆಗಲೇ ಗೊತ್ತಾಗುವುದು. ಡಾಕ್ಟರ ಹತ್ತಿರ ಹೋದಾಗಲೂ ಅದೇ ತೋರಿಸಿದರೆ ಅವರಿಗೂ ಅನುಕೂಲ. ಎರಡು ಹಲ್ಲಿನ ನಡುವಿನ ಸಂದಿ ಮಾತ್ರ ಯಾವ ಟಾರ್ಚಿಗೂ ಕಾಣುವುದಿಲ್ಲ. ಅಲ್ಲಿ ಫ್ಲಾಸ್ ದಾರ ಎಳೆದು ನೋಡಿ. ದಾರ ಪ್ರತಿ ಸಲ ಒಂದೇ ಜಾಗದಲ್ಲಿ ಹರಿಯುತ್ತಿದ್ದರೆ, ರಕ್ತ ಬಂದರೆ, ಕೆಟ್ಟ ವಾಸನೆ ಬಂದರೆ ಅಲ್ಲಿ ಏನೋ ಇದೆ. ಎಕ್ಸ್‌ರೇ ತೆಗೆದರೇನೇ ಪೂರ್ತಿ ಗೊತ್ತಾಗುವುದು.

ವಸಡಿನ ವಿಷಯಕ್ಕೆ ಬಂದರೆ, ಆರೋಗ್ಯವಾದ ವಸಡು ಗುಲಾಬಿ ಬಣ್ಣದಲ್ಲಿರುತ್ತದೆ ಅಂತ ಎಲ್ಲರೂ ಬರೆಯುತ್ತಾರೆ, ನಿಮ್ಮ ಲೇಖನದಲ್ಲೂ ಇತ್ತು. ನಮ್ಮಲ್ಲಿ ಎಷ್ಟೋ ಜನಕ್ಕೆ ಹುಟ್ಟಿನಿಂದಲೇ ವಸಡು ಕಂದು ಅಥವಾ ಕಪ್ಪು. ಮೈಬಣ್ಣದ ಹಾಗೆಯೇ ಅದೂ, ರೋಗವಲ್ಲ. ಅದನ್ನು ಓದಿ ಗಾಬರಿ ಬಿದ್ದು ಅಂಗಡಿಗೆ ಬಂದವರಿದ್ದಾರೆ. ನೋಡಬೇಕಾದ್ದು ಬಣ್ಣವನ್ನಲ್ಲ, ಬದಲಾವಣೆಯನ್ನು. ವಸಡು ಊದಿಕೊಂಡು ಹೊಳೆಯುತ್ತಿದೆಯಾ, ಹಲ್ಲಿಗೆ ಬಿಗಿಯಾಗಿ ಅಂಟದೆ ಸಡಿಲವಾಗಿದೆಯಾ, ಒತ್ತಿದರೆ ಕೀವು ಬರುತ್ತದೆಯಾ, ಹಿಂದಕ್ಕೆ ಸರಿದು ಹಲ್ಲು ಉದ್ದವಾಗಿ ಕಾಣುತ್ತಿದೆಯಾ, ಮೊದಲು ಇಲ್ಲದ ಸಂದಿ ಈಗ ಬಂದು ಪ್ರತಿ ಊಟಕ್ಕೂ ಅಲ್ಲಿ ಕಡ್ಡಿ ಹಾಕಬೇಕಾಗುತ್ತಿದೆಯಾ, ಇವು.

ಬ್ರಷ್ ಮಾಡಿ ಉಗಿದಾಗ ರಕ್ತ ಕಂಡರೆ ನಮ್ಮ ಜನ ಮಾಡುವ ಮೊದಲ ಕೆಲಸ ಆ ಜಾಗ ಬಿಟ್ಟು ಉಜ್ಜುವುದು. ಅದು ಉಲ್ಟಾ. ಹೆಚ್ಚಿನ ಸಲ ರಕ್ತ ಬರುವುದು ಅಲ್ಲಿ ಪಾಚಿ ಕೂತು ವಸಡು ಕೆರಳಿರುವುದರಿಂದ. ಮೆತ್ತನೆ ಬ್ರಷ್‌ನಲ್ಲಿ, ವಸಡು ಮತ್ತು ಹಲ್ಲು ಸೇರುವ ಅಂಚನ್ನೇ ನಿಧಾನವಾಗಿ ದಿನಕ್ಕೆರಡು ಸಲ ಉಜ್ಜಿದರೆ ಒಂದೆರಡು ವಾರದಲ್ಲಿ ಕಡಿಮೆಯಾಗಬೇಕು. ಆಗದಿದ್ದರೆ ಒಳಗೆ ಕಲ್ಲು ಕಟ್ಟಿದೆ ಅಥವಾ ಬೇರೆ ಏನೋ ಇದೆ, ತೋರಿಸಿ. ಬೀಡಿ, ಸಿಗರೇಟು ಸೇದುವವರಿಗೆ ವಸಡಿನ ರಕ್ತ ಓಡಾಟವೇ ಕಡಿಮೆಯಾಗಿ ರಕ್ತ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ನನಗೆ ರಕ್ತ ಬರಲ್ಲ, ವಸಡು ಚೆನ್ನಾಗಿದೆ ಅಂತ ಅವರು ಅಂದುಕೊಳ್ಳಬಾರದು. ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟ. ಗರ್ಭಿಣಿಯರಿಗೂ ವಸಡಿನಲ್ಲಿ ರಕ್ತ ಬರುವುದು ಜಾಸ್ತಿ. ಹೆರಿಗೆ ಆಗಲಿ ಅಂತ ಕಾಯಬೇಕಿಲ್ಲ, ಗರ್ಭಿಣಿ ಅಂತ ಮೊದಲೇ ಹೇಳಿ ತೋರಿಸಬಹುದು.

ಮಕ್ಕಳ ಬಗ್ಗೆ ಒಂದೇ ವಿಷಯ, ಆದರೆ ಇದನ್ನು ಅಪ್ಪ ಅಮ್ಮ ಎಲ್ಲರೂ ಓದಬೇಕು. ಸುಮಾರು ಆರು ವರ್ಷಕ್ಕೆ, ಹಾಲುಹಲ್ಲುಗಳೆಲ್ಲದರ ಹಿಂದೆ ಒಂದೊಂದು ದವಡೆ ಹಲ್ಲು ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ, ಖಾಲಿ ಜಾಗದಲ್ಲಿ ಸದ್ದಿಲ್ಲದೆ ಬಂದುಬಿಡುತ್ತದೆ. ಮುಂದಿನ ಹಲ್ಲು ಬಿದ್ದರೆ ಮನೆಯವರೆಲ್ಲಾ ಸಂಭ್ರಮ ಪಡುತ್ತಾರೆ, ಇದನ್ನು ಯಾರೂ ಗಮನಿಸುವುದಿಲ್ಲ. ಅದರಲ್ಲಿ ಹುಳುಕು ಕಂಡಾಗ "ಬಿಡಿ, ಹಾಲುಹಲ್ಲು, ಬಿದ್ದು ಬೇರೆ ಬರುತ್ತೆ" ಅನ್ನುತ್ತಾರೆ. ಬರುವುದಿಲ್ಲ. ಅದು ಶಾಶ್ವತ ಹಲ್ಲು, ಜೀವಮಾನವಿಡೀ ಅಗಿಯಬೇಕಾದ ಹಲ್ಲು. ಹೊಸದಾಗಿ ಬಂದಾಗ ಅದರ ಮೇಲಿನ ಗೆರೆಗಳು ಆಳವಾಗಿರುತ್ತವೆ, ಮಗುವಿನ ಬ್ರಷ್ ಅಲ್ಲಿಯವರೆಗೆ ಹೋಗುವುದೇ ಇಲ್ಲ, ಚಾಕೊಲೇಟು ಬಿಸ್ಕತ್ತು ಅಲ್ಲೇ ಕೂರುತ್ತದೆ. ಮುಂದಿನಿಂದ ಎಣಿಸಿ ನೋಡಿ: ನಡುವಿನಿಂದ ಒಂದು ಪಕ್ಕಕ್ಕೆ ಆರನೆಯ ಹಲ್ಲು ಕಂಡರೆ ಅದೇ ಅದು. ಆ ಗೆರೆಗಳು ಹುಳುಕಾಗುವ ಮುಂಚೆಯೇ ಮುಚ್ಚಿಬಿಡುವ ಸೀಲೆಂಟ್ ಅನ್ನುವ ಲೇಪ ಇದೆ, ಕೊರೆಯುವುದಿಲ್ಲ, ಸೂಜಿ ಇಲ್ಲ, ನೋವಿಲ್ಲ. ಕೇಳಿ ಹಾಕಿಸಿ. ಹಾಲುಹಲ್ಲಿನ ಹುಳುಕನ್ನೂ ಬಿಡಬಾರದು. ಅವಧಿಗೆ ಮುಂಚೆ ಅದು ಹೋದರೆ ಪಕ್ಕದ ಹಲ್ಲು ವಾಲಿಕೊಂಡು, ಆ ಜಾಗದಲ್ಲಿ ಆಮೇಲೆ ಬರಬೇಕಾದ ಹಲ್ಲಿಗೆ ಜಾಗ ಸಾಲದೆ ಅದು ಸೊಟ್ಟಗೆ ಬರುತ್ತದೆ.

ಇನ್ನು ನೋವು. ತಣ್ಣೀರು ತಾಗಿದಾಗ ಜುಮ್ ಅಂದು ತಕ್ಷಣ ಹೋದರೆ ಇನ್ನೂ ಸಮಯ ಇದೆ. ನೀರು ನುಂಗಿದ ಮೇಲೂ ನೋವು ನಿಂತೇ ಇದ್ದರೆ, ಬಿಸಿ ಕಾಫಿಗೂ ನೋವು ಬಂದರೆ, ರಾತ್ರಿ ಮಲಗಿದಾಗ ಹೊಡೆದುಕೊಂಡರೆ ಹುಳುಕು ನರದ ಹತ್ತಿರ ಹೋಗಿದೆ ಅಂತ. ಆಮೇಲೆ ಒಂದು ದಿನ ನೋವು ತಾನಾಗಿಯೇ ನಿಂತುಬಿಡುತ್ತದೆ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಮಾತ್ರೆ ಕೆಲಸ ಮಾಡಿತು ಅಂತ ಖುಷಿಯಾಗುತ್ತಾರೆ. ಒಳಗಿನ ನರ ಸತ್ತಿರುತ್ತದೆ ಅಷ್ಟೇ, ಸೋಂಕು ಬೇರಿನ ತುದಿಯಿಂದ ಮೂಳೆಯೊಳಗೆ ಇಳಿಯುತ್ತಿರುತ್ತದೆ. ಕೆಲವು ತಿಂಗಳಾದ ಮೇಲೆ ವಸಡಿನ ಮೇಲೆ ಮೊಡವೆಯಂಥ ಒಂದು ಗುಳ್ಳೆ ಬರುತ್ತದೆ, ಒಡೆಯುತ್ತದೆ, ಮತ್ತೆ ಬರುತ್ತದೆ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಮೆಡಿಕಲ್‌ಗೆ ಬರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ವ್ಯಾಪಾರ ಬೇಡವಾ ಅಂತ ಪಕ್ಕದ ಅಂಗಡಿಯವರು ನನ್ನನ್ನು ಕೇಳುತ್ತಾರೆ. ಆಂಟಿಬಯಾಟಿಕ್ ಅನ್ನು ಚೀಟಿ ಇಲ್ಲದೆ ಒಂದೆರಡು ಮಾತ್ರೆ ನುಂಗಿ ಬಿಡುವುದರಿಂದ ಹಲ್ಲಿನೊಳಗಿನ ಕೀವು ಹೋಗುವುದಿಲ್ಲ.

ಲವಂಗ ಇಟ್ಟುಕೊಳ್ಳುವುದು ಮೂಢನಂಬಿಕೆಯೇನಲ್ಲ, ಅದರ ಎಣ್ಣೆಗೆ ಮರಗಟ್ಟಿಸುವ ಗುಣ ಇದೆ, ಡಾಕ್ಟರುಗಳೂ ಬಳಸುತ್ತಾರೆ. ಆದರೆ ಅದು ಆಸ್ಪತ್ರೆಗೆ ಹೋಗುವವರೆಗೆ ಮಾತ್ರ. ಹೊಗೆಸೊಪ್ಪು ಇಟ್ಟುಕೊಳ್ಳುವುದು, ಆಸ್ಪಿರಿನ್ ಮಾತ್ರೆ ಪುಡಿ ಮಾಡಿ ವಸಡಿಗೆ ಒತ್ತುವುದು ಬೇಡವೇ ಬೇಡ. ಮಾತ್ರೆ ವಸಡನ್ನು ಸುಟ್ಟುಬಿಡುತ್ತದೆ.

ಎಲೆ ಅಡಿಕೆ, ಕಡ್ಡಿಪುಡಿ, ಗುಟ್ಕಾ ಹಾಕುವವರು ಹಲ್ಲು ವಸಡು ನೋಡಿ ಮುಗಿಸಬೇಡಿ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಗಿದೆ. ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಬೇರೆ ಬೇರೆ ತಂದು ಕೈಯಲ್ಲೇ ಬೆರೆಸಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬಾಯಿಯ ಒಳಪದರ ಗಟ್ಟಿಯಾಗುತ್ತದೆ. ಮೊದಲ ಸೂಚನೆ ಉರಿ. ಮೊನ್ನೆಯವರೆಗೆ ತಿನ್ನುತ್ತಿದ್ದ ಉಪ್ಪೆಸರಿನ ಖಾರವೇ ಈಗ ಬಾಯಿ ಸುಡುತ್ತದೆ. ಆಮೇಲೆ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಡಿ. ಹೋಗಬೇಕು. ಹೋಗದಿದ್ದರೆ ತೋರಿಸಿ. ಎಲೆ ಅಡಿಕೆ ಇಟ್ಟುಕೊಳ್ಳುವ ಕೆನ್ನೆಯ ಒಳಭಾಗ, ನಾಲಿಗೆಯ ಎರಡು ಪಕ್ಕ, ನಾಲಿಗೆ ಎತ್ತಿ ಕೆಳಭಾಗ ನೋಡಿಕೊಳ್ಳಿ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ನೋವಿಲ್ಲದಿದ್ದರೂ ಸರಿ, ತಡ ಮಾಡಬೇಡಿ. ಬಾಯಿಹುಣ್ಣು ಅಂತ ಬಿ ಕಾಂಪ್ಲೆಕ್ಸ್ ಮಾತ್ರೆ ಮೇಲೆ ಮಾತ್ರೆ ನುಂಗುತ್ತಾ ತಿಂಗಳು ಕಳೆಯುವವರನ್ನು ನೋಡಿದರೆ ಭಯವಾಗುತ್ತದೆ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅನ್ನುವುದು ಸುಳ್ಳು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ ಅನ್ನುವುದೂ ಅಷ್ಟೇ. ಮೊದಲೇ ಸಡಿಲವಾಗಿದ್ದ ಹಲ್ಲು ಆ ಕಲ್ಲಿನ ಆಸರೆಯಲ್ಲಿ ನಿಂತಿರುತ್ತದೆ, ಕಲ್ಲು ತೆಗೆದಾಗ ನಿಜ ಬಯಲಾಗುತ್ತದೆ. "ಮುದ್ದೆ ನುಂಗೋದು ತಾನೆ, ಹಲ್ಲು ಯಾತಕ್ಕೆ" ಅನ್ನುವ ನಮ್ಮ ತಾತಂದಿರ ಜೋಕಿಗೆ ನಾನೂ ನಗುತ್ತೇನೆ. ಆದರೆ ಅವರೆಕಾಳು ಕಾಲದಲ್ಲಿ ಅವರ ಮುಖ ನೋಡಬೇಕು. ವಯಸ್ಸಾಯಿತು ಅಂತ ಹಲ್ಲು ಬೀಳುವುದಿಲ್ಲ, ವಸಡಿನ ರೋಗದಿಂದ, ಹುಳುಕಿನಿಂದ ಬೀಳುತ್ತದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಹಲ್ಲಿನ ವಿಭಾಗ ಇದೆ, ಖಾಸಗಿಗೆ ಹೋಗಲು ಆಗದವರು ಮೊದಲು ಅಲ್ಲಿಗೇ ಹೋಗಬಹುದು. ಕೆಜಿಎಫ್ ಮತ್ತು ತುಮಕೂರಿನಲ್ಲಿ ದಂತ ಕಾಲೇಜುಗಳೂ ಇವೆ. ಕನ್ನಡಿಯಲ್ಲಿ ನೋಡಿಕೊಂಡು ಏನೂ ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ, ವರ್ಷಕ್ಕೊಂದು ಸಲವಾದರೂ ತೋರಿಸುವುದು ಇದ್ದೇ ಇದೆ.

ಕೊನೆಗೆ ಎರಡು ಕೋರಿಕೆ. ನಿಮ್ಮ ಜಿಲ್ಲಾ ಪುಟದಲ್ಲಿ ಅರ್ಧ ಪುಟ ಜಾಗ ಕೊಟ್ಟು ಫ್ಲೋರೈಡ್ ಕಲೆ, ಹುಳುಕು, ಪಾಚಿ ಮೂರರ ಬಣ್ಣದ ಫೋಟೊಗಳನ್ನು ಪಕ್ಕಪಕ್ಕ ಹಾಕಿ. ಜೊತೆಗೆ ಆರು ವರ್ಷದ ಆ ದವಡೆ ಹಲ್ಲಿನದೂ ಒಂದು. ನಾನು ಕತ್ತರಿಸಿ ಅಂಗಡಿಯ ಕೌಂಟರ್ ಮೇಲೆ ಅಂಟಿಸುತ್ತೇನೆ, ಬೇರೆಯವರೂ ಅಂಟಿಸಲಿ. ಇನ್ನೊಂದು ಗ್ರಾಮ ಪಂಚಾಯಿತಿಗಳಿಗೆ. ನೀರಿನ ಘಟಕದ ಗೋಡೆ ಮೇಲೆ ಉದ್ಘಾಟನೆ ಮಾಡಿದವರ ಹೆಸರು ಕಲ್ಲಿನಲ್ಲಿ ಕೆತ್ತಿದೆ. ಅದರ ಕೆಳಗೆ ಈ ಘಟಕದ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಊರಿನ ಬೋರ್ ನೀರಿನಲ್ಲಿ ಎಷ್ಟಿದೆ, ಯಾವ ದಿನ ಪರೀಕ್ಷೆ ಮಾಡಿದ್ದು, ಫಿಲ್ಟರ್ ಯಾವಾಗ ಬದಲಾಯಿಸಿದ್ದು ಎಂದು ಸೀಮೆಸುಣ್ಣದಲ್ಲಾದರೂ ಬರೆಸಲಿ.

ಇತಿ,
ಮೆಡಿಕಲ್ ಅಂಗಡಿಯ ಒಬ್ಬ ಓದುಗ, ಚಿಂತಾಮಣಿ